ಮೊಮ್ಮಗಳಿಗೊಂದು ನಾಲ್ಕು ಚಕ್ರದ ಬೈಕು

ನಿವೃತ್ತನಾದ ಮನುಷ್ಯನಿಗೆ ಮನೆಯವರು ಹೇಳುವ ಮಾತುಗಳಲ್ಲೆಲ್ಲ ಅತ್ಯಂತ ಅಪಾಯಕಾರಿಯಾದದ್ದು ‘ಹೇಗೂ ಫ್ರೀ ಇದ್ದೀರಲ್ಲ’ ಎಂಬ ಮೂರು ಪದಗಳ ವಾಕ್ಯ. ಕೇಳುವುದಕ್ಕೇನೋ ಅದು ಕುಶಲ ವಿಚಾರಿಸಿದಂತೆ ಮೃದುವಾಗಿಯೇ ಇರುತ್ತದೆ. ಆದರೆ ಅದರ ಬೆನ್ನಿಗೇ ಒಂದು ಕೆಲಸ ಅಂಟಿಕೊಂಡು ಬರುತ್ತದೆ, ಮತ್ತು ಆ ಕೆಲಸ ಮನೆಯಲ್ಲಿ ಬೇರೆ ಯಾರೂ ಮಾಡಲೊಪ್ಪದ ಕೆಲಸವೇ ಆಗಿರುತ್ತದೆ. ವಿಮಾ ಕಚೇರಿಯಲ್ಲಿ ಮೂವತ್ತಾರು ವರ್ಷ ಕೂತು ಎದ್ದ ಮೇಲೆ ನಾನು ಈ ವಾಕ್ಯದ ದೆಸೆಯಿಂದ ಗ್ಯಾಸ್ ಸಿಲಿಂಡರಿಗಾಗಿ ಬಾಗಿಲು ಕಾದಿದ್ದೇನೆ. ಮಿಕ್ಸಿಯ ಮುಚ್ಚಳಕ್ಕೆ ಹೊಂದುವ ರಬ್ಬರನ್ನು ಹುಡುಕುತ್ತ ಮೈಲಾಪೂರಿನ ದೇವಸ್ಥಾನದ ಸುತ್ತಲಿನ ಮಾಡವೀದಿಗಳನ್ನು ಭಕ್ತರಿಗಿಂತ ಹೆಚ್ಚು ಸಲ ಸುತ್ತಿದ್ದೇನೆ. ಪಕ್ಕದ ಫ್ಲಾಟಿನವರು ಊರಿಗೆ ಹೋದಾಗ ಅವರ ತುಳಸಿಗೆ ನೀರು ಹಾಕಿದ್ದೇನೆ. ಇವೆಲ್ಲ ಸಹಿಸಬಹುದಾದವು. ಆದರೆ ಕಳೆದ ಏಪ್ರಿಲಿನ ಒಂದು ಬೆಳಗ್ಗೆ, ಎರಡನೆಯ ಲೋಟ ಕಾಫಿ ಇನ್ನೂ ಕೈಯಲ್ಲಿರುವಾಗಲೇ ಬೆಸೆಂಟ್ ನಗರದಿಂದ ಮಗಳು ಚೈತ್ರಳ ಫೋನು ಬಂತು.

“ಅಪ್ಪ, ಹೇಗೂ ಫ್ರೀ ಇದ್ದೀರಲ್ಲ. ಮೃದುಗೆ ಒಂದು ಕ್ವಾಡ್ ಬೈಕ್ ನೋಡ್ಬೇಕಿತ್ತು.”

ಕ್ವಾಡ್ ಬೈಕ್ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಆದರೆ ಫೋನಿನಲ್ಲಿ ಒಪ್ಪಿಕೊಳ್ಳಲಿಲ್ಲ. “ಓಹೋ, ಅದಾ” ಎಂದೆ. ಆಮೇಲೆ ಮೊಬೈಲಿನಲ್ಲಿ ಹುಡುಕಿ ನೋಡಿದೆ. ಮೋಟಾರ್ ಸೈಕಲ್ಲಿನ ಹ್ಯಾಂಡಲ್ಲು, ಟ್ರ್ಯಾಕ್ಟರಿನ ಚಕ್ರಗಳು, ಕುದುರೆಯ ಬೆನ್ನಿನಂಥ ಸೀಟು, ಇವು ಮೂರನ್ನೂ ಒಟ್ಟು ಸೇರಿಸಿ, ಅದಕ್ಕೊಂದು ಎಂಜಿನ್ನು ಕೊಟ್ಟು, ಅದರ ಮೇಲೆ ಹಲ್ಲು ಬಿದ್ದ ಒಂದು ಮಗುವನ್ನು ಕೂರಿಸಿ ತೆಗೆದ ಚಿತ್ರ. ಮಗು ನಗುತ್ತಿತ್ತು. ಅದರ ಅಜ್ಜ ಎಲ್ಲಿದ್ದನೋ ಚಿತ್ರದಲ್ಲಿ ಕಾಣಲಿಲ್ಲ.

ನನ್ನ ಮೊಮ್ಮಗಳಿಗೆ ಮೃದುಲಾ ಎಂದು ಹೆಸರಿಟ್ಟವನು ನಾನೇ. ನಾಮಕರಣದ ದಿನ ತೊಟ್ಟಿಲಲ್ಲಿ ಮಲಗಿದ್ದ ಆ ಜೀವವನ್ನು ನೋಡಿ ಮಾಡಿದ ಅಂದಾಜು ಎಷ್ಟು ತಪ್ಪಾಗಿತ್ತೆಂಬುದನ್ನು ಆಮೇಲಿನ ವರ್ಷಗಳು ತೋರಿಸಿಕೊಟ್ಟವು. ಮೃದುತ್ವವೆಂಬುದು ಈಗ ಅವಳಲ್ಲಿ ಕೆನ್ನೆಗಳಿಗೆ ಮಾತ್ರ ಸೀಮಿತವಾಗಿದೆ. ಅವಳಿಗೆ ಏಳು ತುಂಬುವುದರಲ್ಲಿತ್ತು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರವೆಲ್ಲ ತಮಿಳಿನಲ್ಲಿ. ತಾತ ಎಂಬ ಶಬ್ದ ಎರಡೂ ಭಾಷೆಗಳಲ್ಲಿ ಒಂದೇ ಆಗಿರುವುದರಿಂದ ಅಷ್ಟರಮಟ್ಟಿಗೆ ಅವಳು ನನ್ನನ್ನು ಕನ್ನಡದಲ್ಲಿಯೇ ಕರೆಯುತ್ತಾಳೆ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೇನೆ. ಅಳಿಯ ಹಡಗಿನಲ್ಲಿ ಎಂಜಿನಿಯರು. ವರ್ಷದಲ್ಲಿ ಅರ್ಧ ಭಾಗ ಸಮುದ್ರದ ಮೇಲಿರುತ್ತಾನೆ, ಆದ್ದರಿಂದ ನೆಲದ ಮೇಲಿನ ಸಮಸ್ಯೆಗಳೆಲ್ಲ ಚೈತ್ರಳ ಪಾಲಿಗೆ, ಅಲ್ಲಿಂದ ನನ್ನ ಪಾಲಿಗೆ.

ಈ ಆಸೆ ಹುಟ್ಟಿದ್ದು ಹೀಗೆ. ಹಿಂದಿನ ವರ್ಷ ಮೃದುಲಾ ಸೈಕಲ್ ಕಲಿಯಲು ಹೋಗಿ ಬಿದ್ದು ಗಲ್ಲಕ್ಕೆ ಎರಡು ಹೊಲಿಗೆ ಹಾಕಿಸಿಕೊಂಡಿದ್ದಳು. ಅಂದಿನಿಂದ ಎರಡು ಚಕ್ರದ ಯಾವುದನ್ನು ಕಂಡರೂ ದೂರ ಸರಿಯುತ್ತಿದ್ದಳು. ಓರಗೆಯ ಮಕ್ಕಳೆಲ್ಲ ಸಂಜೆ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಸೈಕಲ್ ಸುತ್ತುತ್ತಿದ್ದರೆ ಇವಳು ಮೆಟ್ಟಿಲ ಮೇಲೆ ಕೂತು, ತನಗೆ ಅದರಲ್ಲಿ ಆಸಕ್ತಿಯೇ ಇಲ್ಲವೆಂಬಂತೆ ನೋಡುತ್ತಿದ್ದಳಂತೆ. ಈ ವರ್ಷ ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಸಮುದ್ರದಂಚಿನ ಈಸಿಆರ್ ರಸ್ತೆಯ ಒಂದು ತೋಟಕ್ಕೆ ಹೋದಾಗ ಅಲ್ಲಿ ಮಕ್ಕಳಿಗೆಂದು ತರಿಸಿದ್ದ ಕ್ವಾಡ್ ಬೈಕಿನ ಮೇಲೆ ಹೇಗೋ ಹತ್ತಿ ಕೂತಳು. ಇಳಿದದ್ದು ಹತ್ತು ಸುತ್ತು ಮುಗಿದ ಮೇಲೆ. ಮನೆಗೆ ಬಂದವಳು ನನಗೆ ಫೋನು ಮಾಡಿ, ಜಗತ್ತಿನ ಒಂದು ಮಹಾರಹಸ್ಯವನ್ನು ತಿಳಿಸುವವಳ ಹಾಗೆ ಪಿಸುದನಿಯಲ್ಲಿ, “ತಾತಾ, ನಾಲು ಚಕ್ಕರಂ ಇರುಂದಾ ವಿಳಾದು” ಎಂದಳು. ನಾಲ್ಕು ಚಕ್ರ ಇದ್ದರೆ ಬೀಳುವುದಿಲ್ಲ.

ಇಲ್ಲಿ ನನ್ನ ವೃತ್ತಿಯ ಸಂಗತಿಯನ್ನು ಹೇಳಬೇಕು. ನಾನು ದುಡಿದದ್ದು ವಾಹನ ಅಪಘಾತಗಳ ಪರಿಹಾರದ ವಿಭಾಗದಲ್ಲಿ. ನಾಲ್ಕು ಚಕ್ರವಿದ್ದೂ ಬಿದ್ದವು, ಆರು ಚಕ್ರವಿದ್ದೂ ಮಗುಚಿದವು, ಹದಿನಾಲ್ಕು ಚಕ್ರವಿದ್ದೂ ಹಳ್ಳದಲ್ಲಿ ಅಂಗಾತ ಮಲಗಿದವು, ಇವೆಲ್ಲದರ ಫೋಟೋಗಳನ್ನು ನಾನು ಮೂರೂವರೆ ದಶಕ ಊಟಕ್ಕೆ ಮುಂಚೆ ಮತ್ತು ಊಟದ ನಂತರ ನೋಡಿದ್ದೇನೆ. ಅಂಥವನಿಗೆ ಮಗುವಿನ ವಾಹನವನ್ನು ಆರಿಸುವ ಕೆಲಸ ಕೊಡುವುದೆಂದರೆ ಹಲ್ಲಿನ ವೈದ್ಯನನ್ನು ಮಿಠಾಯಿ ಆರಿಸಲು ಕಳಿಸಿದ ಹಾಗೆ. ಆದರೂ ಒಪ್ಪಿಕೊಂಡೆ. ಒಪ್ಪಿಕೊಂಡವನು ಕಚೇರಿಯ ಅಭ್ಯಾಸಬಲದಿಂದ ಒಂದು ಉದ್ದನೆಯ ಹಾಳೆ ತೆಗೆದು, ಅಡ್ಡಗೆರೆ ಉದ್ದಗೆರೆ ಎಳೆದು, ಹದಿನಾಲ್ಕು ಕಾಲಮ್ಮುಗಳ ಒಂದು ತುಲನಾತ್ಮಕ ಪಟ್ಟಿಯನ್ನು ಸಿದ್ಧಪಡಿಸಿದೆ. ತೂಕ, ಅಗಲ, ವೇಗ, ಬ್ರೇಕು, ಚೈನಿಗೆ ಮುಚ್ಚಳ ಇದೆಯೇ ಇಲ್ಲವೇ, ಪೆಟ್ರೋಲೋ ಬ್ಯಾಟರಿಯೋ, ಹೀಗೆ. ನನ್ನ ಹೆಂಡತಿ ಪದ್ಮ ಅಡುಗೆಮನೆಯಿಂದ ಬಂದು ಅದನ್ನು ಎರಡು ನಿಮಿಷ ನೋಡಿದಳು.

“ಏನ್ರೀ, ಬೈಕ್ ತಗೊಳ್ತಿದೀರೋ, ಕೇಸ್ ಹಾಕ್ತಿದೀರೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಮೊದಲು ಹೋದದ್ದು ಅಡಯಾರಿನ ಒಂದು ದೊಡ್ಡ ಆಟಿಕೆ ಅಂಗಡಿಗೆ. ಒಳಗೆ ಹಿಮಾಲಯದ ಚಳಿ. ಮಾರಾಟಕ್ಕೆ ನಿಂತಿದ್ದ ಯುವತಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ “ಬಾಯ್ ಆ, ಗರ್ಲ್ ಆ ಸಾರ್?” ಎಂಬುದು. ಹುಡುಗಿ ಎಂದೆ. ಅದೇ ಪ್ರಪಂಚದ ಸಮಸ್ತ ತಾಂತ್ರಿಕ ವಿವರಗಳನ್ನೂ ಒದಗಿಸಿತೆಂಬಂತೆ ಅವಳು ಒಳಗೆ ಹೋಗಿ ಗುಲಾಬಿ ಬಣ್ಣದ ಒಂದು ಪ್ಲಾಸ್ಟಿಕ್ ವಸ್ತುವನ್ನು ತಳ್ಳಿಕೊಂಡು ಬಂದಳು. ಗುಂಡಿ ಒತ್ತಿದಳು, ಅದು ಹಾಡಿತು. ಇನ್ನೊಂದು ಗುಂಡಿ ಒತ್ತಿದಳು, ಕಣ್ಣು ಮಿಟುಕಿಸಿತು. ಇದಕ್ಕೆ ಬ್ರೇಕು ಎಲ್ಲಿದೆ ಎಂದು ಕೇಳಿದೆ. ಬ್ರೇಕ್ ಇಲ್ಲ ಸಾರ್, ಕಾಲು ತೆಗೆದರೆ ತಾನೇ ನಿಲ್ಲುತ್ತದೆ ಎಂದಳು. ಇಳಿಜಾರಿನಲ್ಲಿ? ಅವಳು ಒಂದು ಕ್ಷಣ ಯೋಚಿಸಿ, ಇಳಿಜಾರಿನಲ್ಲಿ ಓಡಿಸಬೇಡಿ ಎಂದಳು. ಇದಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ನಾನು ನನ್ನ ಸೇವಾವಧಿಯಲ್ಲಿ ಯಾವ ವಾಹನ ಮಾಲೀಕನಿಂದಲೂ ಪಡೆದಿರಲಿಲ್ಲ. ಪಟ್ಟಿಯಲ್ಲಿ ಅದನ್ನು ಹೊಡೆದುಹಾಕಿ ಬಿಸಿಲಿಗೆ ಬಂದೆ.

ಸೌಕಾರ್‌ಪೇಟೆಗೆ ಹೋದದ್ದು ಅದರ ಮರುವಾರ. ಆಟಿಕೆಗಳ ಸಗಟು ವ್ಯಾಪಾರವೆಲ್ಲ ಅಲ್ಲೇ, ಬೇಕಾದ್ದು ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಬೇಕಾದ್ದು ಸಿಗುತ್ತದೆ ನಿಜ. ಅದು ಸಿಗುವ ಓಣಿ ಸಿಗುವುದಿಲ್ಲ. ಆಟೋದವನು ಇದಕ್ಕಿಂತ ಮುಂದೆ ತನ್ನ ಗಾಡಿ ಬರಲಾರದು ಎಂದು ನನ್ನನ್ನು ಇಳಿಸಿ ಹಿಂದೆ ಹಿಂದೆ ಸರಿಯುತ್ತ ಮಾಯವಾದ. ಕೈಗಾಡಿಗಳು, ಬಟ್ಟೆಯ ಗಂಟುಗಳು, ತಲೆಯ ಮೇಲೆ ಪೆಟ್ಟಿಗೆ ಹೊತ್ತವರು, ಇವುಗಳ ನಡುವೆ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ, ಕೈಯಲ್ಲಿ ಹದಿನಾಲ್ಕು ಕಾಲಮ್ಮಿನ ಹಾಳೆ ಹಿಡಿದುಕೊಂಡು ನಾನು ಮೂರು ಸಲ ಒಂದೇ ಅಂಗಡಿಯ ಮುಂದೆ ಬಂದೆ. ಮೂರನೆಯ ಸಲ ಆ ಅಂಗಡಿಯವನೇ ದಾರಿ ತೋರಿಸಿದ.

ನಾನು ಹುಡುಕಿ ಬಂದ ಆಟಿಕೆ ಅಂಗಡಿಯ ಸೇಠ್‌ಜಿ ಸೌಮ್ಯ ಮನುಷ್ಯ. ಮೂರು ತಲೆಮಾರಿನಿಂದ ಇಲ್ಲಿಯೇ ಇರುವವರು. ನನಗಿಂತ ಚೆನ್ನಾಗಿ ತಮಿಳು ಮಾತಾಡಿದರು. ಕಪ್ಪು ಬಣ್ಣದ, ಬ್ಯಾಟರಿಯ, ನೋಡಲು ಸಾಕಷ್ಟು ಗಂಭೀರವಾಗಿದ್ದ ಒಂದು ಕ್ವಾಡ್ ಬೈಕನ್ನು ಅಂಗಡಿಯ ಮುಂದೆ ಇಳಿಸಿದರು. ಎಷ್ಟು ವಯಸ್ಸಿನ ಮಕ್ಕಳಿಗೆ ಎಂದು ಕೇಳಿದೆ. ಮೂರರಿಂದ ಹನ್ನೆರಡು ಎಂದರು. ಮೂರು ವರ್ಷದ ಮಗುವಿಗೂ ಹನ್ನೆರಡು ವರ್ಷದ ಹುಡುಗನಿಗೂ ಒಂದೇ ವಾಹನ ಹೇಗೆ ಸರಿಹೋಗುತ್ತದೆ ಎಂದು ನಾನು ವಾದಿಸಲು ಹೊರಟಾಗ ಅವರು ನಕ್ಕು, “ಪನ್ನೆರೆಂಡು ಎನ್ನ ಸಾರ್, ನೀಂಗಳೇ ಓಟ್ಟಿ ಪಾರುಂಗ” ಎಂದರು. ಹನ್ನೆರಡೇನು, ನೀವೇ ಓಡಿಸಿ ನೋಡಿ ಎಂದು.

ಇಲ್ಲಿ ನಾನು ಬೇಡವೆನ್ನಬಹುದಾಗಿತ್ತು. ಪರೀಕ್ಷಿಸದೆ ಯಾವುದನ್ನೂ ಪಟ್ಟಿಗೆ ಸೇರಿಸಬಾರದೆಂಬ ಸಿದ್ಧಾಂತ ಅಡ್ಡ ಬಂತು. ಕೂತೆ. ಮಂಡಿಗಳು ಕಿವಿಯ ಹತ್ತಿರಕ್ಕೆ ಬಂದವು. ಬಲ ಹೆಬ್ಬೆರಳಿನಿಂದ ಪುಟ್ಟ ಹಿಡಿಯೊಂದನ್ನು ಒತ್ತಿದರೆ ಮುಂದೆ ಹೋಗುತ್ತದೆಂದರು, ನಾನು ಒತ್ತಿದೆ, ಅದು ಹೋಯಿತು. ಹೋಯಿತೆಂದರೆ ಹೇಳದೆ ಕೇಳದೆ ಹೋಯಿತು. ಬ್ರೇಕಿನ ಹಿಡಿಯನ್ನು ಅಮುಕಿದೆ. ಅದು ನನ್ನ ಕೈಯೊಳಗೆ ತಣ್ಣಗೆ ಮಡಚಿಕೊಂಡಿತು, ಅಷ್ಟೇ. ಹೆಬ್ಬೆರಳನ್ನು ಎತ್ತಬೇಕೆಂಬ ಸರಳ ಸತ್ಯ ನನಗೆ ಹೊಳೆದದ್ದು ಎದುರಿನ ಅಂಗಡಿಯವರು ಆಳೆತ್ತರಕ್ಕೆ ಪೇರಿಸಿಟ್ಟಿದ್ದ ಪ್ಲಾಸ್ಟಿಕ್ ಬಕೆಟ್ಟುಗಳೊಳಗೆ ನಾನು ಪ್ರವೇಶ ಮಾಡಿದ ಮೇಲೆ. ನೀಲಿ, ಕೆಂಪು, ಹಳದಿ ಬಕೆಟ್ಟುಗಳು ಓಣಿಯ ತುಂಬ ಉರುಳಿದವು. ಒಂದು ನನ್ನ ತಲೆಯ ಮೇಲೆಯೇ ಕೂತಿತ್ತು. ಆ ಅಂಗಡಿಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಯೋವ್ ಪೆರಿಸು, ಇಂದ ವಯಸ್ಸುಲ ಇದು ತೇವೆಯಾ?” ಎಂದು ಕೇಳಿದಳು. ಮುದುಕಪ್ಪಾ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು. ನ್ಯಾಯವಾದ ಪ್ರಶ್ನೆ. ಬಕೆಟ್ಟುಗಳನ್ನು ಒಂದರೊಳಗೊಂದು ಜೋಡಿಸಿಕೊಡುತ್ತ ನಾನೂ ಅದನ್ನೇ ಯೋಚಿಸುತ್ತಿದ್ದೆ. ಸೇಠ್‌ಜಿ ಮಾತ್ರ ಕಿಂಚಿತ್ತೂ ವಿಚಲಿತರಾಗದೆ, ಕೊಂಡ ಮೇಲೆ ಬ್ರೇಕನ್ನು ಬಿಗಿ ಮಾಡಿಸಿಕೊಳ್ಳಬಹುದು ಎಂದರು.

ಆ ಭಾನುವಾರ ಬೆಸೆಂಟ್ ನಗರಕ್ಕೆ ಹೋಗಿ ಚೈತ್ರಳಿಗೆ ವರದಿ ಒಪ್ಪಿಸಿದೆ. ಅವಳು ಮಗಳ ಸ್ಕೂಲಿನ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಹಾಳೆಯನ್ನು ಬಿಡಿಸಿ, ಯಾವುದು ಏಕೆ ಆಗದು ಎಂಬುದನ್ನು ಒಂದೊಂದಾಗಿ ವಿವರಿಸಿದೆ. ಇದು ಅಗಲ ಕಡಿಮೆ, ಮಗುಚುತ್ತದೆ. ಅದು ತೂಕ ಹೆಚ್ಚು, ಮಗುಚಿದರೆ ಎತ್ತಲಾಗದು. ಮತ್ತೊಂದರ ಬಿಡಿಭಾಗ ಸಿಗುವುದಿಲ್ಲ. ಮಗದೊಂದರ ಹೊಸ ಮಾದರಿ ದೀಪಾವಳಿಗೆ ಬರುತ್ತದಂತೆ, ಅಲ್ಲಿಯವರೆಗೆ ಕಾದರೆ ಒಳ್ಳೆಯದು.  ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

“ನಂಗೆ ಗೊತ್ತಿತ್ತಪ್ಪ.”

“ಏನು ಗೊತ್ತಿತ್ತು?”

“ನೀವು ಹೀಗೇ ಮಾಡ್ತೀರ ಅಂತ. ನನ್ನ ಸ್ಕೂಟರ್ ಜ್ಞಾಪಕ ಇದೆಯಾ?”

ಜ್ಞಾಪಕ ಇರಲಿಲ್ಲವೆಂದಲ್ಲ. ಆದರೆ ಅದು ಅವಳಿಗೂ ಜ್ಞಾಪಕ ಇರಬಹುದೆಂದು ನಾನು ಎಣಿಸಿರಲಿಲ್ಲ. ಚೈತ್ರ ಕಾಲೇಜು ಸೇರಿದ ವರ್ಷ ಸ್ಕೂಟರ್ ಕೇಳಿದ್ದಳು. ಆಗಲಿ ಎಂದಿದ್ದೆ. ಆಗಲೂ ಒಂದು ಹಾಳೆ ತೆಗೆದಿದ್ದೆ, ಗೆರೆ ಎಳೆದಿದ್ದೆ. ಮೊದಲ ವರ್ಷ ಎರಡು ಕಂಪನಿಗಳನ್ನು ಹೋಲಿಸಿ ನೋಡುವುದರಲ್ಲಿ ಕಳೆಯಿತು. ಎರಡನೆಯ ವರ್ಷ ಒಂದರ ಬ್ರೇಕಿನ ಬಗ್ಗೆ ದೂರುಗಳಿವೆಯೆಂದು ಕೇಳಿಬಂದು ವಿಚಾರಣೆ ನಡೆಸಿದೆ. ಮೂರನೆಯ ವರ್ಷ, ಇನ್ನೇನು ಕಾಲೇಜೇ ಮುಗಿಯಿತಲ್ಲ, ಕೆಲಸಕ್ಕೆ ಸೇರಿದ ಮೇಲೆ ನೋಡೋಣ ಎಂದೆ. ಅವಳು ಮೂರು ವರ್ಷವೂ ಬಸ್ಸಿನಲ್ಲಿ ಹೋದಳು. ಆಮೇಲೆ ಕೇಳಲಿಲ್ಲ.

“ನೀವು ಒಂದು ಸಲಾನಾದ್ರೂ ಬೇಡ ಅಂದಿದ್ರೆ ಜಗಳನಾದ್ರೂ ಆಡ್ತಿದ್ದೆ ಅಪ್ಪ,” ಎಂದಳು ಚೈತ್ರ. ಧ್ವನಿ ಏರಿಸಲಿಲ್ಲ, ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. “ನೀವು ಬೇಡ ಅನ್ಲೇ ಇಲ್ಲ. ನೋಡ್ತಾ ಇದೀನಿ, ನೋಡ್ತಾ ಇದೀನಿ ಅಂತ ನೋಡ್ತಾನೇ ಇದ್ರಿ. ನೋಡ್ತಾ ಇರೋರ ಹತ್ರ ಹೇಗೆ ಜಗಳ ಆಡೋದು? ಈಗ ಅವಳಿಗೂ ಅದನ್ನೇ ಮಾಡ್ಬೇಡಿ. ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳ್ಬಿಡಿ, ನಾನೇ ಏನಾದ್ರೂ ಮಾಡ್ಕೋತೀನಿ.”

ಪಕ್ಕದ ಕೋಣೆಯಲ್ಲಿ ಮೃದುಲಾ ಕುರ್ಚಿಯೊಂದನ್ನು ತಿರುಗಿಸಿ ಹಾಕಿ, ಅದರ ಬೆನ್ನನ್ನು ಹಿಡಿದುಕೊಂಡು ಬುರ್ರೆಂದು ಬಾಯಲ್ಲಿ ಎಂಜಿನ್ ಓಡಿಸುತ್ತಿದ್ದಳು. ನಾನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಆಟೋ ಹಿಡಿದೆ.

ಎರಡು ದಿನ ನನಗೆ ಯಾರ ಮೇಲೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಮಗುವಿನ ಪ್ರಾಣದ ಬಗ್ಗೆ ಯೋಚಿಸುವವನು ಈ ಮನೆಯಲ್ಲಿ ನಾನೊಬ್ಬನೇ ಎಂದುಕೊಂಡೆ; ಮನ್ನಣೆಯಿಲ್ಲದ ಜಾಗರೂಕತೆ ಎಂಥ ದುಃಖಕರ ವೃತ್ತಿ ಎಂದುಕೊಂಡೆ; ಪತ್ರಿಕೆಯನ್ನು ಸದ್ದು ಬರುವಂತೆ ಮಡಚಿದೆ. ಮೂರನೆಯ ದಿನ ಪದ್ಮ ಬೀನ್ಸ್ ಮುರಿಯುತ್ತ ಕೂತಿದ್ದವಳು ತಲೆಯೆತ್ತದೆ, “ನಿಮಗೆ ಭಯ. ಅಷ್ಟೇ ತಾನೆ? ಭಯ ಆಗುತ್ತೆ ಅಂತ ಹೇಳಿದ್ರೆ ಯಾರು ತಿಂದ್ಬಿಡ್ತಾರೆ ನಿಮ್ಮನ್ನ? ಹದ್ನಾಕು ಕಾಲಂ ಯಾಕೆ ಅದಕ್ಕೆ?” ಎಂದಳು.  ನಾನು ಕೂತು ಯೋಚಿಸಿದೆ. ಬೇಡವೆನ್ನುವುದು ಒರಟುತನವೆಂದು, ಭಯವೆನ್ನುವುದು ಹೇಡಿತನವೆಂದು ಬಗೆದು, ಇವೆರಡಕ್ಕೂ ಬದಲಾಗಿ ನಾನು ಆಯ್ಕೆ ಮಾಡುವುದೆಂಬ ಒಂದು ಸಭ್ಯವಾದ ಉಪಾಯವನ್ನು ಕಂಡುಕೊಂಡಿದ್ದೆ. ಮುಗಿಯದ ಆಯ್ಕೆ ನಿರಾಕರಣೆಯೇ. ಅದಕ್ಕೆ ಇಸ್ತ್ರಿ ಮಾಡಿದ ಪ್ಯಾಂಟು ತೊಡಿಸಿರುತ್ತೇವೆ, ಅಷ್ಟೆ.

ಮೃದುಲಾ ಹೋಗಿದ್ದ ಆ ಹುಟ್ಟುಹಬ್ಬಕ್ಕೆ ಬೈಕು ಎಲ್ಲಿಂದ ಬಂದಿತ್ತೆಂದು ಆ ಹುಡುಗಿಯ ತಾಯಿಯಿಂದ ವಿಚಾರಿಸಿ ತಿಳಿದುಕೊಂಡು, ಒಬ್ಬನೇ ಕಾನತ್ತೂರಿನ ಬಸ್ಸು ಹತ್ತಿದೆ. ಈಸಿಆರ್ ರಸ್ತೆಯಿಂದ ಸ್ವಲ್ಪ ಒಳಗೆ, ಗಾಳಿಮರಗಳ ಒಂದು ತೋಪು. ಅದರ ಮಗ್ಗುಲಲ್ಲಿ ತಗಡಿನ ಶೆಡ್ಡು. ಮುಂದೆ ಮರಳು ಮಣ್ಣಿನಲ್ಲಿ ಹಳೆಯ ಟೈರುಗಳನ್ನು ಸಾಲಾಗಿ ಹೂತು ಮಾಡಿದ ಒಂದು ದುಂಡು ದಾರಿ. ಅದರ ಒಡತಿ ಸೆಲ್ವಿ ಎಂಬ ನಲವತ್ತರ ಆಸುಪಾಸಿನ ಹೆಂಗಸು. ಚೂಡಿದಾರದ ತೋಳು ಮಡಚಿ, ಒಂದು ಪುಟ್ಟ ಎಂಜಿನ್ನಿನ ಹೊಟ್ಟೆಯೊಳಗೆ ಕೈಯಿಟ್ಟುಕೊಂಡು ಕೂತಿದ್ದಳು. ನಾನು ಹಾಳೆಯನ್ನು ಬಿಡಿಸಿದೆ. ಅವಳು ಎಣ್ಣೆಗೈಯಲ್ಲಿ ಅದನ್ನು ಮುಟ್ಟಲಿಲ್ಲ, ಕತ್ತು ಚಾಚಿ ಓದಿದಳು. ಓದಿ ಮುಗಿಸಿ, ಮಗುವಿನ ಎತ್ತರ ಎಷ್ಟು ಎಂದು ಕೇಳಿದಳು.

ಗೊತ್ತಿರಲಿಲ್ಲ.

ಕಾಲು ಉದ್ದವೋ, ಮೈ ಉದ್ದವೋ? ಗೊತ್ತಿರಲಿಲ್ಲ. ಕೂಗಿದರೆ ತಕ್ಷಣ ನಿಲ್ಲುವ ಮಗುವೋ, ಮೂರು ಸಲ ಕೂಗಬೇಕೋ? ಮೂರು ಸಲ, ಎಂದೆ. ಅದೊಂದು ಗೊತ್ತಿತ್ತು. ಹದಿನಾಲ್ಕು ಕಾಲಮ್ಮುಗಳಲ್ಲಿ ಮಗುವಿನ ವಿಚಾರ ಒಂದರಲ್ಲೂ ಇರಲಿಲ್ಲವೆಂಬುದನ್ನು ನಾನು ಆಗ ಗಮನಿಸಿದೆ. ಸೆಲ್ವಿ ನಗಲಿಲ್ಲ. “ಪಾಪಾವೆ ಕೂಟಿಟ್ಟು ವಾಂಗ ಸಾರ್” ಎಂದಷ್ಟೇ ಹೇಳಿದಳು. ಮಗುವನ್ನು ಕರೆದುಕೊಂಡು ಬನ್ನಿ.

ಶನಿವಾರ ಬೆಳಗ್ಗೆ ಬಿಸಿಲೇರುವ ಮುಂಚೆ ಚೈತ್ರ, ಮೃದುಲಾ, ನಾನು, ಮೂವರೂ ಹೋದೆವು. ಕಾರು ನಿಲ್ಲುವ ಮೊದಲೇ ಮೃದುಲೆಯ ಕಣ್ಣಿಗೆ ಒಂದು ದೊಡ್ಡ ಕೆಂಪು ಬೈಕು ಬಿದ್ದಿತ್ತು. “ಎನಕ್ಕು ಅದು ತಾನ್ ವೇಣುಂ” ಎಂದು ಅದರ ಮುಂದೆ ಹೋಗಿ ನಿಂತಳು. ಅದೇ ಬೇಕು. ನಾನು ಬಾಯಿ ತೆರೆದೆ. ಸೆಲ್ವಿ ಕೈ ಅಡ್ಡ ಹಿಡಿದಳು. ಮಗುವನ್ನು ಎತ್ತಿ ಅದರ ಮೇಲೆ ಕೂರಿಸಿದಳು. ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಈಗ ಬಲಗೈಯ ಬ್ರೇಕು ಹಿಡಿ ನೋಡೋಣ ಎಂದಳು. ಮೃದುಲೆಯ ತೋಳು ಕೋಲಿನ ಹಾಗೆ ನೆಟ್ಟಗಾಯಿತು, ಬೆರಳುಗಳು ಹಿಡಿಯ ತುದಿಯನ್ನು ಸವರಿದವು, ಸಿಗಲಿಲ್ಲ. ಇನ್ನೊಮ್ಮೆ ಎಂದಳು. ಇನ್ನೊಮ್ಮೆಯೂ ಸಿಗಲಿಲ್ಲ. ಬೇಡವೆಂದು ಯಾರೂ ಹೇಳಲಿಲ್ಲ. ಮಗು ತನ್ನ ಕೈಯನ್ನು ನೋಡಿಕೊಂಡಿತು, ಬ್ರೇಕನ್ನು ನೋಡಿತು, ಮುಖ ಊದಿಸಿಕೊಂಡು ತಾನೇ ಇಳಿಯಿತು. ನಾನು ಮೂರು ವಾರ ಬಿಸಿಲಲ್ಲಿ ಸುತ್ತಿ ಮಾಡಲಾರದ ಕೆಲಸ ಒಂದು ನಿಮಿಷದಲ್ಲಿ ಆಗಿಹೋಗಿತ್ತು. ನನಗೆ ಬಂದದ್ದು ಸಂತೋಷವಲ್ಲ, ಕೋಪ.

ಆಮೇಲೆ ಸೆಲ್ವಿ ಶೆಡ್ಡಿನಿಂದ ಹಾಗಲಕಾಯಿ ಬಣ್ಣದ, ಸ್ಟಿಕ್ಕರುಗಳೆಲ್ಲ ಕಿತ್ತುಹೋದ ಒಂದು ಪುಟ್ಟ ಬೈಕನ್ನು ತಳ್ಳಿಕೊಂಡು ಬಂದಳು. ಹಳೆಯದು, ಎಂಜಿನ್ನನ್ನು ತಾನೇ ಬಿಚ್ಚಿ ಕೂಡಿಸಿದ್ದಾಗಿ ಹೇಳಿದಳು. ಹಳೆಯದು ಕೂಡದೆಂಬುದು ನನ್ನ ಪಟ್ಟಿಯ ಮೊದಲನೆಯ ನಿಯಮವಾಗಿತ್ತು. ಮೃದುಲಾ ಕೂತಳು. ಪಾದಗಳು ಕಾಲುಮೆಟ್ಟಿನ ಮೇಲೆ ಸಮವಾಗಿ ಊರಿದವು, ಮಂಡಿ ಮಡಚಿಕೊಂಡಿತು, ಎತ್ತ ತಿರುಗಿಸಿದರೂ ಮೊಣಕೈ ಬಾಗಿಯೇ ಇತ್ತು, ನಾಲ್ಕು ಬೆರಳೂ ಬ್ರೇಕನ್ನು ತಬ್ಬಿಕೊಂಡವು. ಸೆಲ್ವಿ ಅವಳಿಗೆ ಹೆಲ್ಮೆಟ್ಟು ಹಾಕಿ ತಲೆಯನ್ನು ಜೋರಾಗಿ ಆಡಿಸಲು ಹೇಳಿದಳು, ಹೆಲ್ಮೆಟ್ಟು ಅಲುಗಲಿಲ್ಲ. ಹೆಬ್ಬೆರಳ ಹಿಡಿಯ ಕೆಳಗಿದ್ದ ಪುಟ್ಟ ಸ್ಕ್ರೂ ಒಂದನ್ನು ತಿರುಗಿಸಿ, ಇನ್ನು ಎಷ್ಟು ಒತ್ತಿದರೂ ಓಡುನಡಿಗೆಗಿಂತ ವೇಗವಾಗಿ ಹೋಗದು ಎಂದಳು. ಆದರೂ ಎಂಜಿನ್ ಹಚ್ಚಲಿಲ್ಲ. ಅರ್ಧ ಗಂಟೆ ತಾನೇ ಹಿಂದಿನಿಂದ ತಳ್ಳುತ್ತ, ಪೀಪಿ ಊದುತ್ತ, ಊದಿದಾಗಲೆಲ್ಲ ಬ್ರೇಕು ಹಿಡಿಸುತ್ತ ಮೂರು ಸುತ್ತು ಹಾಕಿಸಿದಳು. ಕೊನೆಗೆ ಹಿಂಬದಿಯಲ್ಲಿ ಉದ್ದನೆಯ ಕೆಂಪು ಹಗ್ಗವೊಂದನ್ನು ಸಿಕ್ಕಿಸಿ ಅದರ ತುದಿಯನ್ನು ನನ್ನ ಕೈಗೆ ಕೊಟ್ಟಳು. ಎಳೆದರೆ ಎಂಜಿನ್ ತಕ್ಷಣ ನಿಲ್ಲುತ್ತದೆ. ದೊಡ್ಡವರೊಬ್ಬರು ಹಿಡಿದುಕೊಂಡು ಹಿಂದೆ ಓಡಬೇಕು.

ಈ ಹಗ್ಗವನ್ನು ಕಂಡುಹಿಡಿದವನು ಯಾರೇ ಇರಲಿ, ಅವನಿಗೂ ನನ್ನಂಥ ಸ್ವಭಾವವಿದ್ದಿರಬೇಕು. ನಾನು ಓಡಿದೆ. ಮೊದಲ ಸಲ ಎಳೆದದ್ದು ದಾರಿಯಲ್ಲಿ ಒಂದು ಉಬ್ಬು ಇದ್ದುದಕ್ಕೆ. ಎರಡನೆಯ ಸಲ ಅವಳು ತಿರುವಿನಲ್ಲಿ ತಿರುಗಿದ್ದಕ್ಕೆ. ಮೂರನೆಯ ಸಲ ನಾನೇ ಎಡವಿದ್ದಕ್ಕೆ. ನಾಲ್ಕನೆಯ ಸಲ ಒಂದು ಕಾಗೆ. ಪ್ರತಿ ಸಲವೂ ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು, ಸೆಲ್ವಿ ನಡೆದು ಬಂದು ಹಚ್ಚಿಕೊಡುತ್ತಿದ್ದಳು. ಐದನೆಯ ಸಲ ಮೃದುಲಾ ಹಿಂದೆ ತಿರುಗಿ, ಹೆಲ್ಮೆಟ್ಟಿನ ಒಳಗಿಂದ, “ಅಮ್ಮಾ, ತಾತಾವೆ ಪೋಗ ಸೊಲ್ಲು” ಎಂದು ಅರಚಿದಳು. ತಾತನಿಗೆ ಹೋಗಲು ಹೇಳು. ಚೈತ್ರ ಟೈರಿನ ಮೇಲೆ ಕೂತಿದ್ದಳು. “ಹೇಳಿದ್ರೆ ಹೋಗೋರಾಗಿದ್ರೆ ಯಾವತ್ತೋ ಹೇಳ್ತಿದ್ದೆ ಕಣೇ,” ಎಂದಳು. ನಾನು ಕೇಳಿಸದವನ ಹಾಗೆ ಬೆವರು ಒರೆಸಿಕೊಂಡೆ.

ಆರನೆಯ ಸುತ್ತಿನಲ್ಲಿ ಅದು ನಡೆಯಿತು. ತೋಪಿನ ಪಕ್ಕದ ತಿರುವಿಗೆ ಬರುತ್ತಿದ್ದ ಹಾಗೆ ಮರಗಳ ಮರೆಯಿಂದ ಒಂದು ಮೇಕೆ, ಅದರ ಹಿಂದೆ ಎರಡು ಮರಿಗಳು, ನೇರವಾಗಿ ದಾರಿಗೆ ನುಗ್ಗಿದವು. ನಾನು ನೋಡಿದೆ. ಹಗ್ಗ ನನ್ನ ಮುಷ್ಟಿಯಲ್ಲಿತ್ತು. ಕಾಗೆಗೆ ಎಳೆದ ಕೈ, ಉಬ್ಬಿಗೆ ಎಳೆದ ಕೈ, ಮರದ ಕೊರಡಿನಂತೆ ಅಲ್ಲೇ ಇತ್ತು. ಎಳೆಯಬೇಕೆಂಬುದೇ ಹೊಳೆಯಲಿಲ್ಲ, ಬಾಯಿ ತೆರೆದಿತ್ತು, ಕೂಗೂ ಹೊರಡಲಿಲ್ಲ. ಮುಂದೆ ಮೃದುಲೆಯ ಹೆಬ್ಬೆರಳು ಎದ್ದಿತು, ಎರಡೂ ಕೈಗಳ ಬೆರಳುಗಳು ಮಡಚಿಕೊಂಡವು, ಬೈಕು ಮರಳಿನಲ್ಲಿ ಚರ್ರೆಂದು ಜಾರಿ ಮೇಕೆಯಿಂದ ಎರಡು ಮಾರು ಈಚೆಗೆ ನಿಂತಿತು. ಎಂಜಿನ್ ಇನ್ನೂ ಗುರುಗುಟ್ಟುತ್ತಿತ್ತು. ಮೇಕೆ ಅವಳನ್ನು ನೋಡಿತು. “ಏ, ಪೋ!” ಎಂದಳು. ಅದು ಹೋಯಿತು, ಮರಿಗಳೂ ಹೋದವು. ಅವಳು ನಿಧಾನವಾಗಿ ಹಿಂದೆ ತಿರುಗಿ ನನ್ನ ಕೈಯಲ್ಲಿದ್ದ ಹಗ್ಗವನ್ನೂ ಆಮೇಲೆ ನನ್ನ ಮುಖವನ್ನೂ ನೋಡಿದಳು.

“ತಾತಾ, ಇಪ್ಪೋ ಏನ್ ಇಳುಕ್ಕಲೆ?”

ಈಗ ಯಾಕೆ ಎಳೆಯಲಿಲ್ಲ? ಮೂವತ್ತಾರು ವರ್ಷ ಇತರರಿಗೆ ಇಂಥ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ ವಿವರಣೆ ತರಿಸಿಕೊಂಡವನು ನಾನು. ಹಗ್ಗವನ್ನು ಓಡಿಬಂದ ಚೈತ್ರಳ ಕೈಗೆ ಕೊಟ್ಟು, ಹೋಗಿ ಟೈರಿನ ಮೇಲೆ ಕೂತೆ.  ಅವಳು ಮಗಳ ಜೊತೆ ಎರಡು ಸುತ್ತು ಓಡಿ, ಹಗ್ಗವನ್ನು ಸೆಲ್ವಿಗೆ ದಾಟಿಸಿ, ನನ್ನ ಪಕ್ಕದಲ್ಲಿ ಬಂದು ಕೂತಳು.

“ಚೈತ್ರಾ, ನಂಗೆ ಭಯ,” ಎಂದೆ. “ಆ ಸ್ಕೂಟರ್ ಟೈಮಲ್ಲೂ ಅಷ್ಟೇ. ದಿನಾ ಆಫೀಸಲ್ಲಿ ಆ ಫೋಟೋಗಳು ನೋಡಿ ಬರ್ತಿದ್ದೆ. ಬೇಡ ಅನ್ನೋಕೆ ಧೈರ್ಯ ಇರ್ಲಿಲ್ಲ, ತಗೋ ಅನ್ನೋಕೂ ಇರ್ಲಿಲ್ಲ. ಅದಕ್ಕೇ ನೋಡ್ತಾ ಇದ್ದೆ.”

ಅವಳು ಮಣ್ಣಿನಲ್ಲಿ ಚಪ್ಪಲಿಯ ತುದಿಯಿಂದ ಒಂದು ಗೆರೆ ಗೀಚಿದಳು. “ಮೂರು ವರ್ಷ ಬಸ್ಸಲ್ಲಿ ನೇತಾಡಿದೀನಪ್ಪ,” ಎಂದಳು.  ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿ ನನ್ನ ಕೈಗಿಟ್ಟಳು. “ಕುಡೀರಿ. ಮುಖ ನೋಡಿ ಹೇಗೆ ಕೆಂಪಗಾಗಿದೆ.”

ಸೆಲ್ವಿ ಬಂದು ಯಾವ ಬೈಕು ಸಾರ್ ಎಂದು ಕೇಳಿದಾಗ ನನ್ನ ನಾಲಗೆಯ ತುದಿಗೆ ನಾಲ್ಕು ಪ್ರಶ್ನೆಗಳು ಬಂದಿದ್ದವು. ಚೈನಿನ ಮುಚ್ಚಳದ್ದೊಂದು, ಬಿಡಿಭಾಗದ್ದೊಂದು. ನುಂಗಿಕೊಂಡು, “ಇದೇ” ಎಂದೆ. ತಮಿಳಿನಲ್ಲಿ ಹೇಳಬೇಕಾದ್ದನ್ನು ಕನ್ನಡದಲ್ಲಿ ಹೇಳಿಬಿಟ್ಟಿದ್ದೆ, ಅವಳಿಗೆ ಅರ್ಥವಾಯಿತು. ಬೈಕು ಇಲ್ಲೇ ಶೆಡ್ಡಿನಲ್ಲಿರಲಿ, ರಸ್ತೆಗಾಗಲಿ ಅಪಾರ್ಟ್‌ಮೆಂಟಿಗಾಗಲಿ ಒಯ್ಯುವುದು ಬೇಡ, ಶನಿವಾರ ಶನಿವಾರ ಬನ್ನಿ ಎಂದಳು.

ಬಂದೆವು. ಶನಿವಾರಗಳು ನನ್ನವಾಗಿ ಉಳಿಯಲಿಲ್ಲ. ಪ್ಯಾಂಟುಗಳೆಲ್ಲ ಮಂಡಿಯವರೆಗೆ ಕೆಂಪು ಧೂಳು, ಪದ್ಮಳ ಗೊಣಗಾಟ, ಪೆಟ್ರೋಲಿನ ವಾಸನೆಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ವಾಪಸು ಪ್ರಯಾಣ. ಪೀಪಿ ಊದಿದ ಕೂಡಲೇ ಹತ್ತಕ್ಕೆ ಹತ್ತು ಸಲವೂ ನಿಂತರೆ ಮಾತ್ರ ಹಗ್ಗ ಬಿಚ್ಚುವುದೆಂದು ಸೆಲ್ವಿ ಕರಾರು ಮಾಡಿದ್ದಳು. ಎರಡನೆಯ ವಾರ ಮೃದುಲಾ ಏಳು ಸಲ ನಿಂತಳು. ಮೂರನೆಯ ವಾರ ಒಂಬತ್ತು. ತಪ್ಪಿದ ಆ ಒಂದಕ್ಕಾಗಿ ಅತ್ತು ರಂಪ ಮಾಡಿದಳು, ಹಗ್ಗ ಇನ್ನೊಂದು ವಾರ ಉಳಿಯಿತೆಂದು ನಾನು ಒಳಗೊಳಗೇ ಹಿಗ್ಗಿದೆ. ನಾಲ್ಕನೆಯ ಶನಿವಾರ ಹತ್ತಕ್ಕೆ ಹತ್ತು. ಸೆಲ್ವಿ ಬಗ್ಗಿ ಹಗ್ಗದ ಕೊಂಡಿಯನ್ನು ಬಿಚ್ಚಿ, ಸುರುಳಿ ಸುತ್ತಿ, ಶೆಡ್ಡಿನ ಮೊಳೆಗೆ ತೂಗುಹಾಕಿದಳು.

ಮೃದುಲಾ ಹೊರಟಳು. ಬರಿಗೈಯಲ್ಲಿ ನಿಂತ ನನಗೆ ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಜೇಬಿಗೆ ಹಾಕಿದೆ, ತೆಗೆದೆ, ಬೆನ್ನ ಹಿಂದೆ ಕಟ್ಟಿಕೊಂಡೆ. ಚೈತ್ರ ಪಕ್ಕದಲ್ಲಿ ಬಂದು ನಿಂತಳು. ಹಾಗಲಕಾಯಿ ಬಣ್ಣದ ಬೈಕು ದೂರದ ತಿರುವನ್ನು ಹೊಕ್ಕು ಗಾಳಿಮರಗಳ ಹಿಂದೆ ಮರೆಯಾಯಿತು. ಎಂಜಿನ್ನಿನ ಸದ್ದೊಂದೇ ಕೇಳುತ್ತಿತ್ತು.

“ಭಯ ಆಗ್ತಿದೆಯಾ ಅಪ್ಪ?” ಎಂದಳು.

“ಆಗ್ತಿದೆ.”

“ನಂಗೂ,” ಎಂದಳು. ಇಬ್ಬರೂ ಅಲ್ಲೇ ನಿಂತು ಆ ಸದ್ದು ಬರುವ ಕಡೆಗೆ ಕಿವಿಗೊಟ್ಟೆವು.